ಪಾರ್ಕಿಂಗ್ ಲಾಟ್ ಕೆಳಗಿನ ಹಳ್ಳ

ಹಳೇ ಫೋನಿನಲ್ಲಿದ್ದ ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ಹಾಕಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಹೋದ ತಿಂಗಳು ಒಂದು ಭಾನುವಾರ ಕೊನೆಗೂ ಕೂತೆ. ಅಮೆರಿಕದ ಬೂನ್ ಅನ್ನುವ ಬೆಟ್ಟದ ಊರಿನಲ್ಲಿ ಎಂಎಸ್ ಓದುತ್ತಿದ್ದ ಎರಡು ವರ್ಷದ ಫೋಟೋಗಳೇ 1,400 ಚಿಲ್ಲರೆ ಇದ್ದವು. ಗುಡ್ಡ, ಗುಡ್ಡದ ಮೇಲೆ ಮಂಜು, ಮಂಜಿನ ಮೇಲೆ ಬಿಸಿಲು, ಮತ್ತೆ ಗುಡ್ಡ. ಅಕ್ಟೋಬರ್‌ನ ಕೆಂಪು ಗುಡ್ಡ, ಜನವರಿಯ ಬೋಳು ಗುಡ್ಡ, ಗುಡ್ಡದ ಮುಂದೆ ದಪ್ಪ ಜಾಕೆಟ್ ಹಾಕಿಕೊಂಡು ಹಲ್ಲು ಬಿಡುತ್ತಿರುವ ನಾನು. ಆಗ ವಾರಕ್ಕೆ ನಾಲ್ಕಾದರೂ ಫೋಟೋ ಮನೆಗೆ ಕಳಿಸುತ್ತಿದ್ದೆ. 'ಅಣ್ಣ, ನೀನು ಓದೋಕೆ ಹೋಗಿದ್ಯೋ ಟೂರಿಗೋ' ಅಂತ ತಂಗಿ ಕೇಳುತ್ತಿದ್ದಳು. ಫೀಸಿನ ಲೆಕ್ಕ ನೋಡಿದವನಿಗೆ ಆ ಪ್ರಶ್ನೆ ಅಷ್ಟೇನೂ ತಮಾಷೆ ಅನ್ನಿಸುತ್ತಿರಲಿಲ್ಲ.

ಒಂದೊಂದಾಗಿ ನೋಡುತ್ತಾ ಹೋದ ಹಾಗೆ ಒಂದು ವಿಷಯ ತಲೆಗೆ ಹತ್ತಿತು. ಎಲ್ಲ ಫೋಟೋದಲ್ಲೂ ಕ್ಯಾಮೆರಾ ಒಂದೋ ಮೇಲಕ್ಕೆ ನೋಡುತ್ತಿದೆ, ಇಲ್ಲಾ ದೂರಕ್ಕೆ ನೋಡುತ್ತಿದೆ. ಕಾಲ ಕೆಳಗಿನದ್ದು ಒಂದೂ ಇಲ್ಲ. ಆ ಎರಡು ವರ್ಷ ನಾನು ದಿನಾ ಒಂದು ಹಳ್ಳ ದಾಟಿ ಕ್ಲಾಸಿಗೆ ಹೋಗುತ್ತಿದ್ದೆ. ಅದರ ಒಂದೇ ಒಂದು ಫೋಟೋ ಅವುಗಳಲ್ಲಿ ಇಲ್ಲ. ನಿಜ ಹೇಳಬೇಕೆಂದರೆ, ಅಲ್ಲೊಂದು ಹಳ್ಳ ಇದೆ ಅನ್ನೋದೇ ಮೊದಲ ವರ್ಷ ಪೂರ್ತಿ ನನಗೆ ಗೊತ್ತಿರಲಿಲ್ಲ. ಅದು ರಸ್ತೆಯ ಕೆಳಗೆ, ಪಾರ್ಕಿಂಗ್ ಲಾಟಿನ ಕೆಳಗೆ, ಪೈಪಿನೊಳಗೆ ಹರಿಯುತ್ತಿತ್ತು.

ಆ ಹಳ್ಳ ಎಲ್ಲರ ಕಣ್ಣಿಗೂ ಬಿದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಊರಿನ ಬಗ್ಗೆ ಹೇಳಬೇಕು. ಊರು ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ.

3,333 ಅಡಿ

ಬೂನ್ ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಬ್ಲೂ ರಿಡ್ಜ್ ಬೆಟ್ಟಗಳ ನಡುವೆ. ಸಮುದ್ರ ಮಟ್ಟದಿಂದ 3,333 ಅಡಿ ಎತ್ತರ. ನೆನಪಿಡಲು ಇಷ್ಟು ಸುಲಭದ ಸಂಖ್ಯೆ ಯಾವ ಊರಿಗೂ ಸಿಕ್ಕಿರಲಿಕ್ಕಿಲ್ಲ. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 19,092. ಅಪಲ್ಯಾಚನ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಗಳೇ 20 ಸಾವಿರದ ಮೇಲಿದ್ದಾರೆ. ಅಂದರೆ ಊರೊಳಗೆ ಕಾಲೇಜಿದೆ ಅನ್ನುವುದಕ್ಕಿಂತ ಕಾಲೇಜಿನ ಸುತ್ತ ಒಂದಿಷ್ಟು ಊರಿದೆ ಅನ್ನಬೇಕು. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ಮರುದಿನ ಕಿಂಗ್ ಸ್ಟ್ರೀಟಿನಲ್ಲಿ ನಡೆದರೆ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ.

ಅಂದ ಹಾಗೆ, ಆ ಹೆಸರನ್ನು ನಾನು ಮೊದಮೊದಲು 'ಅಪಲೇಚಿಯನ್' ಅನ್ನುತ್ತಿದ್ದೆ. ವೀಸಾ ಇಂಟರ್‌ವ್ಯೂನಲ್ಲೂ ಹಾಗೇ ಹೇಳಿದ್ದೆ. ಬೂನ್‌ನಲ್ಲಿ ಹಾಗಂದರೆ ಜನ ನಗುನಗುತ್ತಲೇ ತಿದ್ದುತ್ತಾರೆ, ಆದರೆ ತಿದ್ದದೆ ಬಿಡುವುದಿಲ್ಲ. 'ಲೇ' ಅಲ್ಲ, 'ಲ್ಯಾ'. ಉತ್ತರದ ರಾಜ್ಯಗಳ ಅಮೆರಿಕನ್ನರು ತಪ್ಪು ಹೇಳಿದರೆ ನಮಗಿಂತ ಜಾಸ್ತಿ ಬೈಸಿಕೊಳ್ಳುತ್ತಾರೆ. ಭಾಷೆಯ ವಿಷಯದಲ್ಲಿ ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಹೆಸರನ್ನು ತಮ್ಮ ಬಾಯಲ್ಲಿ ಬಂದ ಹಾಗೆಯೇ ಉಳಿಸಿಕೊಳ್ಳಬೇಕು ಅನ್ನುವ ಹಟ ನಮಗೆ ಅರ್ಥವಾಗುತ್ತದೆ, ಅಲ್ವಾ?

ನಾನು ಈಗ ಇರುವುದು ಅದೇ ರಾಜ್ಯದ ಶಾರ್ಲಟ್‌ನಲ್ಲಿ. ಅಲ್ಲಿಂದ ಬೂನ್ ಕಾರಿನಲ್ಲಿ ಎರಡು ಗಂಟೆಯ ದಾರಿ. ಲೆನೋರ್ ಅನ್ನುವ ಊರು ದಾಟಿದ ಮೇಲೆ ರಸ್ತೆ ಇದ್ದಕ್ಕಿದ್ದ ಹಾಗೆ ತಲೆ ಎತ್ತುತ್ತದೆ. ಬ್ಲೋಯಿಂಗ್ ರಾಕ್ ಬರುವಷ್ಟರಲ್ಲಿ ಎರಡು ಸಾವಿರ ಅಡಿಗಿಂತ ಜಾಸ್ತಿ ಏರಿರುತ್ತೀರಿ. ಕಿವಿ ಪಟ್ ಅನ್ನುತ್ತದೆ. ಏಸಿ ಆರಿಸಿ ಕಿಟಕಿ ಇಳಿಸುತ್ತೀರಿ. ಜುಲೈನಲ್ಲಿ ಶಾರ್ಲಟ್ ಕಾದ ಕಾವಲಿಯಾಗಿರುವಾಗ ಬೂನ್‌ನಲ್ಲಿ ಹಗಲು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಕೆಳಗಿನ ಊರಿನ ಸಾಹುಕಾರರು ನೂರು ವರ್ಷಕ್ಕೂ ಹಿಂದಿನಿಂದ ಬೇಸಿಗೆಗೆ ಇಲ್ಲಿ ಮನೆ ಮಾಡುತ್ತಿರುವುದು ಇದಕ್ಕೇ. ಇವತ್ತಿನ ಬಾಡಿಗೆ ನೋಡಿದರೂ ಅದು ಗೊತ್ತಾಗುತ್ತದೆ. ರಜಾ ಮನೆ ಬೇಕೆನ್ನುವವರು, ರೂಮು ಬೇಕೆನ್ನುವ ಹುಡುಗರು, ಅಲ್ಲೇ ಹುಟ್ಟಿ ಬೆಳೆದವರು, ಎಲ್ಲರಿಗೂ ಬೇಕಾಗಿರುವುದು ಅದೇ ಚೂರು ಜಾಗ. ನಾಲ್ಕು ಜನ ಸೇರಿ ಹಿಡಿದ ಮನೆಯಲ್ಲಿ ನನಗೆ ಸಿಕ್ಕಿದ್ದು ಕಿಟಕಿಯೇ ಇಲ್ಲದ ಕೋಣೆ. ಇಷ್ಟು ಚೆಂದದ ಊರಿನಲ್ಲಿ! ಬಹುಶಃ ಅದಕ್ಕೇ ಇರಬೇಕು ಅಷ್ಟೊಂದು ಹೊರಗೆ ಅಲೆದದ್ದು.

ಅಲೆಯಲು ಕಾಸೂ ಬೇಕಿರಲಿಲ್ಲ. ಊರ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹತ್ತಿ ಕೂತರೆ ಆಯಿತು. ರೂಟ್‌ಗಳಿಗೆ ಬಣ್ಣಗಳ ಹೆಸರು. ಕೆಂಪು, ಗುಲಾಬಿ, ನೇರಳೆ ಅಂತ. ಓದಲು ಬೇಜಾರಾದಾಗ ಯಾವುದೋ ಬಣ್ಣದ ಬಸ್ ಹತ್ತಿ ಸುಮ್ನೆ ಒಂದು ಸುತ್ತು ಹೊಡೆದು ಬರುತ್ತಿದ್ದೆ. ಫೆಬ್ರವರಿ ಮಾತ್ರ ಬೇಡ. ಎಲೆ ಇಲ್ಲ, ಸೂರ್ಯ ಇಲ್ಲ, ಬಿದ್ದ ಹಿಮ ಕೊಳೆಯಾಗಿ ರಸ್ತೆ ಪಕ್ಕ ಗುಡ್ಡೆಯಾಗಿರುತ್ತದೆ, ಗಾಳಿ ಕಿವಿಯನ್ನೇ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತದೆ. ಫೋಟೋಗಳಲ್ಲಿ ಫೆಬ್ರವರಿಯದ್ದು ಬರೀ ಹನ್ನೊಂದು. ಎಣಿಸಿದೆ.

ನೀಲಿ, ಕೆಂಪು, ಮತ್ತೆ ಒಂದು ಸೇತುವೆ

ಬ್ಲೂ ರಿಡ್ಜ್ ನಿಜಕ್ಕೂ ನೀಲಿ. ದೂರದ ಸಾಲು ತಿಳಿ ನೀಲಿ, ಹತ್ತಿರದ್ದು ಗಾಢ ನೀಲಿ. ಒಂದರ ಹಿಂದೆ ಒಂದು, ಆರೇಳು ಪದರ. ಮೊದಲ ದಿನ ಅದು ಮಂಜು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಮರಗಳ ಉಸಿರೂ ಸೇರಿದೆ ಅಂತ. ಓಕ್‌ನಂಥ ಮರಗಳು ಬಿಸಿಲಿನಲ್ಲಿ ಐಸೊಪ್ರೀನ್ ಅನ್ನುವ ಅನಿಲ ಬಿಡುತ್ತವೆ. ಅದು ಗಾಳಿಯಲ್ಲಿ ಬೆರೆತು ಸಣ್ಣ ಸಣ್ಣ ಕಣಗಳಾಗುತ್ತದೆ. ಆ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಕಾಡು ದಟ್ಟವಾಗಿದ್ದಷ್ಟೂ ನೀಲಿ ದಟ್ಟ.

ಅಕ್ಟೋಬರ್‌ನ ಎಲೆಗಳ ಬಣ್ಣದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಒಂದೇ ಒಂದು ವಿಷಯ ನನಗೆ ಇವತ್ತಿಗೂ ಸೋಜಿಗ. ಹಳದಿ ಬಣ್ಣ ಎಲೆಯಲ್ಲಿ ಬೇಸಿಗೆಯಿಂದಲೂ ಇರುತ್ತದೆ, ಹಸಿರು ಕರಗಿದಾಗ ಕಾಣಿಸಿಕೊಳ್ಳುತ್ತದೆ ಅಷ್ಟೇ. ಕೆಂಪು ಹಾಗಲ್ಲ. ಉದುರುವ ಮುಂಚೆ ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ. ಹೋಗುವ ಹೊತ್ತಿನಲ್ಲಿ ಇಷ್ಟೊಂದು ಖರ್ಚು ಯಾಕೆ ಅಂತ ವಿಜ್ಞಾನಿಗಳು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ನಮ್ಮ ವಿಶ್ವವಿದ್ಯಾಲಯದ ಜೀವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಪ್ರತಿ ಶರತ್ಕಾಲದಲ್ಲಿ ಬಣ್ಣದ ವರದಿ ಬರೆಯುತ್ತಿದ್ದರು. ಯಾವ ಎತ್ತರದಲ್ಲಿ ಯಾವ ಮರ ಎಷ್ಟು ಬಣ್ಣಕ್ಕೆ ಬಂದಿದೆ ಅಂತ. ಬಣ್ಣ ಮೇಲಿನಿಂದ ಕೆಳಗೆ ಇಳಿಯುತ್ತದೆ. ಗ್ರಾಂಡ್‌ಫಾದರ್ ಮೌಂಟನ್‌ನ ತುದಿ 5,946 ಅಡಿ. ಅಲ್ಲಿ ಅಕ್ಟೋಬರ್ ಶುರುವಿಗೇ ಬಣ್ಣ. ಬೂನ್‌ಗೆ ತಿಂಗಳ ಮಧ್ಯದಲ್ಲಿ. ತಪ್ಪಿಸಿಕೊಂಡವರು ಕೆಳಗಿಳಿದು ಹೋಗಿ ಮತ್ತೊಮ್ಮೆ ನೋಡಬಹುದು.

ಆ ಗ್ರಾಂಡ್‌ಫಾದರ್ ಬೆಟ್ಟದ ಮೇಲೆ 'ಮೈಲ್ ಹೈ ಸ್ವಿಂಗಿಂಗ್ ಬ್ರಿಡ್ಜ್' ಅಂತ ಒಂದು ತೂಗು ಸೇತುವೆ ಇದೆ. 1952ರದ್ದು. ಹೆಸರು ಕೇಳಿ ನಾನು ಒಂದು ಮೈಲಿ ಆಳದ ಕಂದರ ಅಂದುಕೊಂಡು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಮೈಲಿ ಅನ್ನುವುದು ಸಮುದ್ರ ಮಟ್ಟದಿಂದ. ಸೇತುವೆ ಕೆಳಗಿನ ಆಳ ಸುಮಾರು 80 ಅಡಿ. ಹೆಸರಿಟ್ಟವರ ಜಾಣತನ! ಗಾಳಿ ಬೀಸಿದಾಗ ಮಾತ್ರ ಆ ಸೇತುವೆ ಗುಂಯ್ ಅಂತ ಹಾಡುತ್ತದೆ. ಆ ಸದ್ದಿಗೆ 80 ಅಡಿಯೂ ಸಾಕು.

ನನಗೆ ನೆನಪಿನಲ್ಲಿ ಉಳಿದದ್ದು ಇನ್ನೊಂದು ಸೇತುವೆ. ಅದೇ ಬೆಟ್ಟದ ಪಕ್ಕೆಗೆ ಅಂಟಿಕೊಂಡಿರುವ ಲಿನ್ ಕೋವ್ ವಯಾಡಕ್ಟ್. ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನುವ ರಸ್ತೆ 469 ಮೈಲಿ ಉದ್ದ. ಕೆಲಸ ಶುರುವಾದದ್ದು 1935ರಲ್ಲಿ. ಲಾರಿ ಇಲ್ಲ, ಜಾಹೀರಾತು ಫಲಕ ಇಲ್ಲ, ಗಂಟೆಗೆ 45 ಮೈಲಿಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಬೆಟ್ಟ ನೋಡುವುದಕ್ಕೇ ಅಂತ ಮಾಡಿದ ರಸ್ತೆ ಅದು. ಎಲ್ಲ ಮುಗಿದರೂ ಗ್ರಾಂಡ್‌ಫಾದರ್ ಬೆಟ್ಟದ ಹತ್ತಿರದ ಏಳೂವರೆ ಮೈಲಿ ಮಾತ್ರ ಹಾಗೇ ಉಳಿದಿತ್ತು. ಅಲ್ಲಿ ಬೆಟ್ಟ ಕಡಿದರೆ ದೊಡ್ಡ ದೊಡ್ಡ ಬಂಡೆಗಳೆಲ್ಲ ಹಾಳಾಗುತ್ತಿದ್ದವು. ಕೊನೆಗೆ ಬೆಟ್ಟವನ್ನು ಮುಟ್ಟದೆ ಅದರ ಮುಂದೆ ಗಾಳಿಯಲ್ಲಿ ಹಾವಿನ ಹಾಗೆ ಬಳುಕುವ ಸೇತುವೆ ಕಟ್ಟಿದರು. 1,243 ಅಡಿ ಉದ್ದ, 153 ಕಾಂಕ್ರೀಟ್ ತುಂಡುಗಳು. ಒಂದರ ಹಾಗೆ ಇನ್ನೊಂದಿಲ್ಲ. ಕಟ್ಟಿ ಮುಗಿದ ಭಾಗದ ಮೇಲೆ ನಿಂತೇ ಮುಂದಿನ ತುಂಡು ಜೋಡಿಸುತ್ತಾ ಹೋದರು. ಸೇತುವೆ ಮುಗಿದದ್ದು 1983ರಲ್ಲಿ, ರಸ್ತೆ ಪೂರ್ತಿ ತೆರೆದದ್ದು 1987ರಲ್ಲಿ. ಶುರು ಮಾಡಿ 52 ವರ್ಷ ಆಗಿತ್ತು.

ಕ್ಲಾಸ್‌ಮೇಟ್ ಒಬ್ಬನ ಲಡಾಸು ಕಾರಿನಲ್ಲಿ ನಾನು ಅಲ್ಲಿಗೆ ಹೋದದ್ದು ಮೊದಲ ಅಕ್ಟೋಬರ್‌ನಲ್ಲಿ. ಮಂಜು ಎಷ್ಟಿತ್ತೆಂದರೆ ಸೇತುವೆ ಮೇಲೆ ಬಂದದ್ದೇ ನಮಗೆ ತಿಳಿಯಲಿಲ್ಲ. ಟೈರಿನ ಸದ್ದು ಬದಲಾಯಿತು, ಅಷ್ಟೇ. ಗಾಡಿ ನಿಲ್ಲಿಸಿ ಸೇತುವೆಯ ಅಡಿಯಲ್ಲಿ ಹೋಗುವ ಕಾಲುದಾರಿ ಹಿಡಿದೆವು. ತಲೆಯ ಮೇಲೆ ಕಾರುಗಳು ಹೋಗುತ್ತಿದ್ದವು. ಕೆಳಗೆ ಪಾಚಿ ಹಿಡಿದ ಬಂಡೆಗಳು, ಅವುಗಳ ಸಂದಿಯಲ್ಲಿ ರೋಡೊಡೆಂಡ್ರನ್ ಪೊದೆ, ಎಲ್ಲಿಂದಲೋ ನೀರು ಸೋರುವ ಸದ್ದು. ಒಂದು ಬಂಡೆಗೂ ಸೇತುವೆಯ ತಳಕ್ಕೂ ನಡುವೆ ಬಹಳ ಜಾಗ ಇರಲಿಲ್ಲ. ಬಂಡೆ ಒಡೆಯುವ ಬದಲು ಸೇತುವೆಯನ್ನೇ ಬಳುಕಿಸಿದ್ದಾರೆ ಅನ್ನೋದು ಅಲ್ಲಿ ನಿಂತರೆ ಯಾರೂ ಹೇಳದೆ ತಿಳಿಯುತ್ತದೆ. ನನ್ನ ಕ್ಲಾಸ್‌ಮೇಟ್ ಆ ಕಾಂಕ್ರೀಟ್ ಕಂಬವನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ. ಆ ದಿನದ್ದೇ ನನ್ನ ಹತ್ತಿರ 64 ಫೋಟೋ ಇವೆ. ಅರ್ಧಕ್ಕರ್ಧ ಬರೀ ಬಿಳಿ.

ಪಕ್ಕದ ಮನೆ ಅಜ್ಜ

ಹಳ್ಳದ ವಿಷಯ ನನಗೆ ಹೇಳಿದ್ದು ಪಕ್ಕದ ಮನೆಯ ಅಜ್ಜ. ಎರಡನೇ ವರ್ಷ ನಾವು ಊರ ಹೊರಗೆ ಗುಡ್ಡದ ಇಳಿಜಾರಿನಲ್ಲಿ ಇನ್ನೊಂದು ಮನೆ ಹಿಡಿದಿದ್ದೆವು. ಅಜ್ಜನಿಗೆ ಆಗ 80 ದಾಟಿತ್ತು. ಒಬ್ಬರೇ ಇದ್ದರು. ಸಂಜೆ ಜಗಲಿಯ ಮೇಲೆ ಕೂತು, ಬಂದುಹೋಗುವ ಕಾರು ಎಣಿಸುತ್ತಿದ್ದರು. ನಾನು 'ಸರ್' ಅನ್ನುತ್ತಿದ್ದೆ. ಅಮೆರಿಕದಲ್ಲಿ ಸರ್ ಅನ್ನಬಾರದು ಅಂತ ಬೆಂಗಳೂರಿನಲ್ಲಿ ಯಾರೋ ತಲೆಗೆ ತುಂಬಿದ್ದರು. ಅದು ದಕ್ಷಿಣದ ರಾಜ್ಯಗಳಿಗೆ ಸರಿಹೋಗುವುದಿಲ್ಲ. ಅಲ್ಲಿ ಸರ್ ಅಂದರೆ ಮನೆಯಲ್ಲಿ ಚೆನ್ನಾಗಿ ಬೆಳೆಸಿದ್ದಾರೆ ಅಂತ ಲೆಕ್ಕ. ಅಜ್ಜ ನನ್ನ ಮೇಲೆ ಪ್ರೀತಿ ಇಡಲು ಆ ಒಂದು ಶಬ್ದವೇ ಕಾರಣ ಅಂತ ನನ್ನ ಅನುಮಾನ.

ಅವರ ಜಗಲಿಯಿಂದ ಹೋವರ್ಡ್ ನಾಬ್ ಅನ್ನುವ ಗುಡ್ಡ ಕಾಣುತ್ತಿತ್ತು. ಊರಿನ ತಲೆಯ ಮೇಲೇ ಇರುವ ಗುಡ್ಡ. ನಾನು ಆ ಗುಡ್ಡದ ಸೂರ್ಯಾಸ್ತವನ್ನು ಹೊಗಳುತ್ತಾ ಕೂತಿದ್ದೆ. ಅಜ್ಜ, 'ಅಲ್ಲೊಂದು ಗಾಳಿ ಯಂತ್ರ ಇತ್ತು, ಗೊತ್ತಾ?' ಅಂದರು. 1979ರಲ್ಲಿ ನಾಸಾ ಮತ್ತು ಅಮೆರಿಕದ ಇಂಧನ ಇಲಾಖೆ ಸೇರಿ ಅಲ್ಲಿ 2 ಮೆಗಾವಾಟ್‌ನ ಯಂತ್ರ ನಿಲ್ಲಿಸಿದ್ದವು. ರೆಕ್ಕೆಗಳ ಅಗಲ 200 ಅಡಿ. ಆಗ ಪ್ರಪಂಚದಲ್ಲೇ ದೊಡ್ಡದು. ಊರಿಗೆಲ್ಲ ಹೆಮ್ಮೆ. ಆದರೆ ತಿರುಗಲು ಶುರುವಾದ ಮೇಲೆ ಸುತ್ತಲಿನ ಕೆಲವು ಮನೆಗಳಲ್ಲಿ ಕಿಟಕಿ ಗಾಜು ಗಡಗಡ ಅನ್ನತೊಡಗಿತು. ರೆಕ್ಕೆ ಪ್ರತಿ ಸಲ ಕಂಬದ ಹಿಂದೆ ಹಾದುಹೋಗುವಾಗ ಕಿವಿಗಿಂತ ಎದೆಗೇ ಜಾಸ್ತಿ ತಾಗುವ ಒಂದು ಸದ್ದು ಬರುತ್ತಿತ್ತು. ಟಿವಿ ಚಿತ್ರ ಕಲಸಿಹೋಗುತ್ತಿತ್ತು. ನಾಲ್ಕೇ ವರ್ಷ. 1983ರಲ್ಲಿ ಬಿಚ್ಚಿ ಹಾಕಿದರು.

'ನೀವೆಲ್ಲ ಬರೀ ಮೇಲೆ ನೋಡ್ತೀರಿ' ಅಂದರು ಅಜ್ಜ. ಬೈದದ್ದೋ ಸುಮ್ನೆ ಅಂದದ್ದೋ ಗೊತ್ತಾಗಲಿಲ್ಲ. ಆಮೇಲೆ ಕೇಳಿದರು, 'ಕ್ರೌಟ್ ಕ್ರೀಕ್ ನೋಡಿದ್ದೀಯಾ?'

ಇಲ್ಲ ಅಂದೆ. 'ದಿನಾ ಅದರ ಮೇಲೆ ನಡೀತೀಯಲ್ಲೋ!'

ಬೂನ್ ಕ್ರೀಕ್ ಅದರ ಸರ್ಕಾರಿ ಹೆಸರು. ಊರವರು ಕರೆಯುವುದು ಕ್ರೌಟ್ ಕ್ರೀಕ್ ಅಂತ. ಹಿಂದೆ ಅದರ ದಡದಲ್ಲಿ ಎಲೆಕೋಸು ಹುಳಿ ಬರಿಸಿ ಸಾವರ್‌ಕ್ರೌಟ್ ಮಾಡುವ ಕಾರ್ಖಾನೆ ಇತ್ತು. ಹಳ್ಳದಿಂದ ಹುಳಿ ವಾಸನೆ ಬರುತ್ತಿತ್ತಂತೆ. ಹಳ್ಳ ಊರ ನಡುವೆ, ಕ್ಯಾಂಪಸ್ಸಿನ ನಡುವೆ ಹಾದುಹೋಗುತ್ತದೆ. ಒಂದೆರಡು ಕಡೆ ತೆರೆದಿದೆ. ಉಳಿದ ಕಡೆ ರಸ್ತೆ, ಪಾರ್ಕಿಂಗ್, ಕಟ್ಟಡ. ಗುಡ್ಡಗಾಡಿನಲ್ಲಿ ಸಪಾಟು ನೆಲ ಸಿಗುವುದೇ ಹಳ್ಳದ ಪಕ್ಕ. ಸಾವಿರಾರು ವರ್ಷ ಉಕ್ಕಿ ಉಕ್ಕಿ ಅದನ್ನು ಸಪಾಟು ಮಾಡಿದ್ದೇ ಹಳ್ಳ. 1899ರಲ್ಲಿ ಡೌಹರ್ಟಿ ಸೋದರರು ಬೆಟ್ಟದ ಮಕ್ಕಳಿಗೆ ಪಾಠ ಹೇಳಲು ವಟಾಗ ಅಕಾಡೆಮಿ ಶುರು ಮಾಡಿದರು. ಅದೇ ಬೆಳೆದು ಇವತ್ತಿನ ವಿಶ್ವವಿದ್ಯಾಲಯ ಆದದ್ದು. ಬೆಳೆಯಲು ಜಾಗ ಬೇಕಲ್ಲ? ಇದ್ದದ್ದು ಅದೊಂದೇ ಜಾಗ. ಹಳ್ಳದ ಪಕ್ಕ ಕಟ್ಟಿದರು. ಸಾಲದೆ ಬಂದಾಗ ಹಳ್ಳದ ಮೇಲೇ ಕಟ್ಟಿದರು.

ಕ್ಯಾಂಪಸ್ಸಿನ ಮುಖ್ಯ ರಸ್ತೆಯ ಹೆಸರು ರಿವರ್ಸ್ ಸ್ಟ್ರೀಟ್. ಹೊಳೆಯೇ ಕಾಣದ ರಸ್ತೆಗೆ ಹೊಳೆಗಳ ಹೆಸರು ಯಾಕೆ ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಜ್ಜನನ್ನು ಕೇಳಿದೆ. ಅದು ಹೊಳೆಯ ಹೆಸರಲ್ಲವಂತೆ, ಊರಿನ ಒಂದು ಮನೆತನದ ಹೆಸರಂತೆ. ಇಬ್ಬರೂ ನಕ್ಕೆವು.

ಆಮೇಲೆ ಅವರು ರೈಲಿನ ಕತೆ ಹೇಳಿದರು. ಬೂನ್‌ಗೆ ಒಂದು ಕಾಲದಲ್ಲಿ ಪುಟ್ಟ ರೈಲು ಬರುತ್ತಿತ್ತು. ಅದರ ಸೀಟಿ ಕೇಳಿ ಜನ 'ಟ್ವೀಟ್ಸಿ' ಅಂತ ಹೆಸರಿಟ್ಟಿದ್ದರು. 1940ರ ಆಗಸ್ಟ್‌ನಲ್ಲಿ ಚಂಡಮಾರುತದ ಮಳೆ ಬಂದು ಹಳಿಗಳನ್ನೆಲ್ಲ ಕಿತ್ತುಕೊಂಡು ಹೋಯಿತು. ಅಜ್ಜನಿಗೆ ಆಗ ಆರು ವರ್ಷ. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ಅವರಿಗೆ ನೆನಪಿತ್ತು. ಕೆಳಗಿನ ಮಣ್ಣೆಲ್ಲ ಹೋಗಿ, ಹಳಿ ಮಾತ್ರ ಏಣಿಯ ಹಾಗೆ ಗಾಳಿಯಲ್ಲಿ ನೇತಾಡುತ್ತಿತ್ತಂತೆ. 'ಅದರ ಮೇಲೆ ಹತ್ತಿ ಆಡಬಹುದಾ ಅಂತ ಅಪ್ಪನ್ನ ಕೇಳಿದೆ. ಒಂದು ಬಿತ್ತು.' ಬೂನ್‌ಗೆ ಮತ್ತೆ ರೈಲು ಬರಲಿಲ್ಲ. ಈಗ ಊರ ಹತ್ತಿರ ಟ್ವೀಟ್ಸಿ ಹೆಸರಿನ ಮನರಂಜನಾ ಪಾರ್ಕ್ ಇದೆ, 1957ರಿಂದ. ಅದೇ ಹಳೇ ಎಂಜಿನ್ ಮಕ್ಕಳನ್ನು ಕೂರಿಸಿಕೊಂಡು ವೃತ್ತದಲ್ಲಿ ತಿರುಗುತ್ತದೆ.

ಆ ಸಂಜೆ ಮನೆಗೆ ಬಂದ ಮೇಲೆ ನನಗೆ ಲಿನ್ ಕೋವ್ ಸೇತುವೆ ನೆನಪಾಯಿತು. ಮೇಲೆ, ಜನ ಫೋಟೋ ತೆಗೆಯುವ ಕಡೆ, ಒಂದು ಬಂಡೆ ಉಳಿಸಲು ಸೇತುವೆಯನ್ನೇ ಬಳುಕಿಸಿದರು. ಕೆಳಗೆ, ಯಾರೂ ನೋಡದ ಕಡೆ, ಹಳ್ಳವನ್ನೇ ಪೈಪಿಗೆ ತುರುಕಿದರು. ಯಾರನ್ನೂ ಬೈಯಲು ಹೇಳುತ್ತಿಲ್ಲ. ನಾನೂ ಆ ಪಾರ್ಕಿಂಗ್ ಲಾಟಿನಲ್ಲಿ ಜಾಗ ಸಿಕ್ಕರೆ ಖುಷಿಪಟ್ಟವನೇ.

ಹೊಸದೆಂಬ ಹಳೇ ನದಿ

ಅಜ್ಜ ಹೇಳಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಮ್ಯಾಪ್ ತೆಗೆದು ನೋಡುವ ಚಟ ಹತ್ತಿತು. ಕ್ರೌಟ್ ಕ್ರೀಕ್ ಊರ ಆಚೆ ಹೋಗಿ ನ್ಯೂ ರಿವರ್‌ನ ದಕ್ಷಿಣ ಕವಲಿಗೆ ಸೇರುತ್ತದೆ. ನ್ಯೂ ಅಂದರೆ ಹೊಸದು. ಆದರೆ ಅದು ಪ್ರಪಂಚದ ಬಹಳ ಹಳೆಯ ನದಿಗಳಲ್ಲಿ ಒಂದು ಅಂತ ಹೇಳುತ್ತಾರೆ. ಈ ಬೆಟ್ಟಗಳು ಎದ್ದು ನಿಂತದ್ದು ಸುಮಾರು 30 ಕೋಟಿ ವರ್ಷದ ಹಿಂದೆ, ಆಫ್ರಿಕಾ ಬಂದು ಉತ್ತರ ಅಮೆರಿಕಕ್ಕೆ ಗುದ್ದಿದಾಗ. ಆಗ ಇವು ಬಹಳ ಎತ್ತರದ ಬೆಟ್ಟಗಳು. ಆಮೇಲಿನ ಕಾಲವೆಲ್ಲ ಸವೆಯುವುದರಲ್ಲೇ ಕಳೆದಿದೆ. ಹಾಗಾಗಿಯೇ ಇವುಗಳ ತಲೆ ಅಷ್ಟು ದುಂಡಗೆ, ನುಣ್ಣಗೆ. ನಾವು ಸೌಮ್ಯ ಅಂತ ಮೆಚ್ಚುವ ಆ ಸಾಲುಗಳನ್ನು ಹಾಗೆ ಮಾಡಿದ್ದು ನೀರು. ಪಾರ್ಕಿಂಗ್ ಲಾಟ್ ಕೆಳಗಿನಂಥ ಸಣ್ಣ ಸಣ್ಣ ಹಳ್ಳಗಳು.

ಅಮೆರಿಕದ ಪೂರ್ವದ ನದಿಗಳು ಸಾಮಾನ್ಯವಾಗಿ ಅಟ್ಲಾಂಟಿಕ್ ಕಡೆಗೆ ಇಳಿಯುತ್ತವೆ. ನ್ಯೂ ರಿವರ್ ಉತ್ತರಕ್ಕೆ ಹರಿಯುತ್ತದೆ. ವರ್ಜೀನಿಯಾ ದಾಟಿ, ವೆಸ್ಟ್ ವರ್ಜೀನಿಯಾದಲ್ಲಿ ಕನಾವಾ ನದಿಯಾಗಿ, ಓಹಾಯೊ ಸೇರಿ, ಮಿಸಿಸಿಪ್ಪಿ ಸೇರಿ, ಕೊನೆಗೆ ಗಲ್ಫ್ ಆಫ್ ಮೆಕ್ಸಿಕೊ ಮುಟ್ಟುತ್ತದೆ. ಬೂನ್‌ನಿಂದ ಕೆಲವೇ ಮೈಲಿ ದೂರದ ಬ್ಲೋಯಿಂಗ್ ರಾಕ್‌ನಲ್ಲಿ ಯಾಡ್ಕಿನ್ ನದಿ ಹುಟ್ಟುತ್ತದೆ. ಅದು ಅಟ್ಲಾಂಟಿಕ್‌ಗೆ ಹೋಗುತ್ತದೆ. ದಿಣ್ಣೆಯ ಈ ಕಡೆ ಬಿದ್ದ ಹನಿ ಒಂದು ಕಡಲಿಗೆ, ಆ ಕಡೆ ಬಿದ್ದ ಹನಿ ಇನ್ನೊಂದು ಕಡಲಿಗೆ. ಸಹ್ಯಾದ್ರಿಯ ನೆತ್ತಿ ಕಂಡವರಿಗೆ ಇದು ಹೊಸದಲ್ಲ.

ಈ ನದಿಗೆ 1970ರ ದಶಕದಲ್ಲಿ ಒಂದು ವಿದ್ಯುತ್ ಕಂಪನಿ ಅಣೆಕಟ್ಟು ಕಟ್ಟಲು ಹೊರಟಿತ್ತು. ರೈತರು, ಊರವರು, ವಿದ್ಯಾರ್ಥಿಗಳು ಎಲ್ಲ ಎದ್ದು ನಿಂತರು. 1976ರಲ್ಲಿ 26.5 ಮೈಲಿ ಉದ್ದದ ಭಾಗಕ್ಕೆ ಕೇಂದ್ರ ಸರ್ಕಾರದ ರಕ್ಷಣೆ ಸಿಕ್ಕಿತು, ಅಣೆಕಟ್ಟು ನಿಂತುಹೋಯಿತು. ಬೇಸಿಗೆಯಲ್ಲಿ ನಾವು ಆ ನದಿಯಲ್ಲಿ ಟೈರ್ ಟ್ಯೂಬಿನ ಮೇಲೆ ಅಂಗಾತ ಮಲಗಿ ತೇಲುತ್ತಿದ್ದೆವು. ಮುಖ ಮೇಲೆ. ಗುಡ್ಡ ನೋಡುತ್ತಾ.

ಸೆಪ್ಟೆಂಬರ್ 27

2024ರ ಸೆಪ್ಟೆಂಬರ್ 27, ಶುಕ್ರವಾರ. ಹೆಲೀನ್ ಚಂಡಮಾರುತ ಹಿಂದಿನ ರಾತ್ರಿ ಫ್ಲಾರಿಡಾದಲ್ಲಿ ನೆಲ ಹತ್ತಿತ್ತು. ಕಡಲು ನೂರಾರು ಮೈಲಿ ದೂರ ಇರುವ ಬೆಟ್ಟದ ಊರುಗಳಿಗೆ ಅದರಿಂದ ಏನಾಗುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿದ್ದರು. ಆದರೆ ಅದಕ್ಕೆ ಮುಂಚಿನ ಎರಡು ದಿನವೂ ಬೆಟ್ಟಗಳಲ್ಲಿ ಮಳೆ ಸುರಿದು ನೆಲ ತುಂಬಿಕೊಂಡಿತ್ತು. ಅದರ ಮೇಲೆ ಚಂಡಮಾರುತ ಬಂತು. ಮೋಡ ಬೆಟ್ಟಕ್ಕೆ ಬಡಿದು ಮೇಲೇರಿದರೆ ಮಳೆ ಹೇಗೆ ಸುರಿಯುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಆಫೀಸಿನಲ್ಲಿದ್ದೆ. ಹಳೇ ಗೆಳೆಯರ ಗ್ರೂಪಿಗೆ ಒಂದು ವಿಡಿಯೋ ಬಂತು. ಹಾಸ್ಟೆಲ್ ಕಿಟಕಿಯಿಂದ ಯಾರೋ ತೆಗೆದದ್ದು. ಕಂದು ಬಣ್ಣದ ನೀರು, ಅದರಲ್ಲಿ ಕಾರುಗಳು ಮುಕ್ಕಾಲು ಮುಳುಗಿ ನಿಂತಿದ್ದವು. ಯಾವ ಊರಿದು ಅಂತ ಒಂದು ಕ್ಷಣ ತಿಳಿಯಲಿಲ್ಲ. ದೀಪದ ಕಂಬದ ಆಕಾರ ನೋಡಿ ಗೊತ್ತಾಯಿತು. ನಾನು ದಿನಾ ದಾಟುತ್ತಿದ್ದ ಪಾರ್ಕಿಂಗ್ ಲಾಟ್ ಅದು. ವಿಡಿಯೋ ಹತ್ತು ಸಲ ನೋಡಿರಬೇಕು. ನೀರು ಹರಿಯುತ್ತಿದ್ದ ದಿಕ್ಕು, ತಿರುವು, ಎಲ್ಲ ಸರಿಯಾಗಿತ್ತು. ಪಾರ್ಕಿಂಗ್ ಲಾಟ್ ಇಲ್ಲ ಅಂದುಕೊಂಡು ನೋಡಿದರೆ ಅಲ್ಲಿ ಕಾಣುತ್ತಿದ್ದದ್ದು ಒಂದು ತುಂಬಿದ ಹಳ್ಳ, ಅಷ್ಟೇ. ಅದಕ್ಕೆ ದಾರಿ ಮರೆತಿರಲಿಲ್ಲ.

ಆಮೇಲಿನ ದಿನಗಳ ಸುದ್ದಿ ಎಲ್ಲರಿಗೂ ಗೊತ್ತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಬೆಟ್ಟ ಕುಸಿದು ಮನೆಗಳು ಹೋದವು. ಬೂನ್‌ನಲ್ಲಿ ಕರೆಂಟಿಲ್ಲ, ಫೋನಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ನಿಂತಿತು. ಪಾರ್ಕ್‌ವೇ ಪೂರ್ತಿ ಮುಚ್ಚಿದರು, ಕೆಲವು ಭಾಗ ತೆರೆಯಲು ತಿಂಗಳುಗಟ್ಟಲೆ ಹಿಡಿಯಿತು. ಅದಾಗಿ ಎರಡು ವಾರಕ್ಕೆ ಎಲೆಗಳು ಬಣ್ಣಕ್ಕೆ ಬಂದವು. ಪ್ರತಿ ವರ್ಷ ಕಾರಿನ ಸಾಲು ಹಚ್ಚಿಕೊಂಡು ಬರುವ ಜನ ಆ ವರ್ಷ ಬರಲಿಲ್ಲ. ಬರಬೇಡಿ ಅಂತ ರಾಜ್ಯ ಸರ್ಕಾರವೇ ಹೇಳಿತ್ತು.

ಅಜ್ಜನಿಗೆ ಫೋನ್ ಹಚ್ಚುತ್ತಲೇ ಇದ್ದೆ. ಆರನೇ ದಿನ ಅವರೇ ಮಾಡಿದರು. ಎಲ್ಲೋ ಗುಡ್ಡ ಹತ್ತಿ ಸಿಗ್ನಲ್ ಸಿಗುವ ಕಡೆ ಮೊಮ್ಮಗ ಕರೆದುಕೊಂಡು ಹೋಗಿದ್ದನಂತೆ. 90 ವರ್ಷದ ದನಿ, ಗಾಳಿಯಲ್ಲಿ ಒಡೆದು ಒಡೆದು ಬರುತ್ತಿತ್ತು. ಸೌದೆ ಒಲೆ ಇದೆ, ಡಬ್ಬಿ ಬೀನ್ಸ್ ಇದೆ, ರಸ್ತೆ ಇಲ್ಲ, ಆದರೆ ಹೋಗಬೇಕಾದ ಊರೂ ಇಲ್ಲ ಅಂದರು. ಪಾರ್ಕಿಂಗ್ ಲಾಟಿನ ವಿಷಯ ನಾನೇ ತೆಗೆದೆ.

'ನೋಡಿದೆ, ಹುಡುಗ ಫೋನಲ್ಲಿ ತೋರಿಸಿದ. ಕಾರು ತೇಲೋದು ನೋಡೋಕೆ ಏನೂ ಚೆನ್ನಾಗಿಲ್ಲ. ರೈಲಿಗಾದ್ರೆ ಒಂದು ಗತ್ತಿತ್ತು.'

ಫೋಟೋ ನಂಬರ್ ಒಂದು

2025ರ ಏಪ್ರಿಲ್‌ನಲ್ಲಿ ಬೂನ್‌ಗೆ ಹೋಗಿದ್ದೆ. ಲೆನೋರ್ ದಾಟಿ ಏರು ಶುರುವಾದಾಗ ಕಿವಿ ಮಾಮೂಲಿನ ಹಾಗೆ ಪಟ್ ಅಂದಿತು. ಬೆಟ್ಟದ ಮೈಮೇಲೆ ಅಲ್ಲಲ್ಲಿ ಉದ್ದಕ್ಕೆ ಕೆಂಪು ಗೀರು, ಮಣ್ಣು ಜಾರಿದ ಜಾಗ. ಮರಗಳು ಒಂದೇ ದಿಕ್ಕಿಗೆ ತಲೆ ಮಾಡಿ ಬಿದ್ದಿದ್ದವು. ಅದರ ಪಕ್ಕದಲ್ಲೇ ಹೊಸ ಎಲೆಯ ತಿಳಿ ಹಸಿರು ಕೆಳಗಿನಿಂದ ಮೇಲೆ ಹತ್ತುತ್ತಿತ್ತು. ವಸಂತ ಇಲ್ಲಿ ಕೆಳಗಿನಿಂದ ಮೇಲೆ ಹೋಗುತ್ತದೆ, ಶರತ್ಕಾಲದ ಉಲ್ಟಾ. ಬೆಟ್ಟ ಚೆಂದವೇ ಇತ್ತು. ಚೆಂದ ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಅಜ್ಜನ ಮನೆಯಲ್ಲಿ ಕಾಫಿ ಕುಡಿದು, ಕ್ಯಾಂಪಸ್ಸಿಗೆ ಇಳಿದೆ. ಪಾರ್ಕಿಂಗ್ ಲಾಟಿನಲ್ಲಿ ಎಂದಿನ ಹಾಗೆ ಕಾರುಗಳು. ಜಾಗ ಹುಡುಕುತ್ತಾ ಒಬ್ಬ ಹುಡುಗ ಮೂರು ಸಲ ಸುತ್ತು ಹಾಕಿದ. ಹಳ್ಳ ತೆರೆದಿರುವ ಕಡೆ ಹೋಗಿ ನಿಂತೆ. ಎರಡು ಹೆಜ್ಜೆ ಹಾಕಿದರೆ ದಾಟಬಹುದಾದಷ್ಟು ನೀರು. ತಳದ ಕಲ್ಲು ಕಾಣುತ್ತಿತ್ತು. ದಂಡೆಯ ಪೊದೆಯಲ್ಲಿ ಎತ್ತರಕ್ಕೆ, ನನ್ನ ಭುಜದ ಮಟ್ಟಕ್ಕೆ, ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ಅಷ್ಟು ಮೇಲೆ ಅದನ್ನು ಯಾರೂ ಕೈಯಲ್ಲಿ ಇಟ್ಟಿರಲಾರರು. ಹತ್ತು ಹೆಜ್ಜೆ ಮುಂದೆ ನೀರು ಪೈಪಿನೊಳಗೆ ಹೋಗುತ್ತಿತ್ತು. ಒಳಗಿಂದ ಅದರ ಸದ್ದು ದೊಡ್ಡದಾಗಿ ಕೇಳುತ್ತಿತ್ತು.

ಫೋಟೋ ತೆಗೆದೆ. ಚೆನ್ನಾಗಿ ಬರಲಿಲ್ಲ. ಕಂದು ನೀರು, ಕಾಂಕ್ರೀಟ್ ಬಾಯಿ, ಮೂಲೆಯಲ್ಲಿ ನನ್ನ ಶೂ. ಮನೆಯ ಗ್ರೂಪಿಗೆ ಹಾಕಿದೆ. ಅಲ್ಲಿ ರಾತ್ರಿ ಆಗಿತ್ತು, ಆದರೂ ತಂಗಿ ಎದ್ದಿದ್ದಳು.

'ಇದ್ಯಾವ ಮೋರಿ ಅಣ್ಣ?'

ಉದ್ದ ಉತ್ತರ ಟೈಪ್ ಮಾಡಿದೆ. ಎಲೆಕೋಸು, ರೈಲು, ಅಜ್ಜ ಎಲ್ಲ ಬಂತು. ಆಮೇಲೆ ಅಳಿಸಿ, ಒಂದೇ ಸಾಲು ಕಳಿಸಿದೆ. 'ಗಲ್ಫ್ ಆಫ್ ಮೆಕ್ಸಿಕೊಗೆ ಹೋಗುತ್ತೆ.'

ಎರಡು ನೀಲಿ ಟಿಕ್ ಬಂದವು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, 'ಗುಡ್ಡದ್ದು ಇಲ್ವಾ?'